ಆನ್‌ಲೈನ್ ಸಿನಿಮಾ ಬಾಡಿಗೆ: ದುಡ್ಡು ಕೊಟ್ಟಷ್ಟು ಕ್ವಾಲಿಟಿ ಪರದೆಗೆ ಬರಬೇಕಾದರೆ

ಬಾಡಿಗೆ ಬಟನ್ ಪಕ್ಕದಲ್ಲಿ ಎಸ್‌ಡಿ, ಎಚ್‌ಡಿ, ಯುಎಚ್‌ಡಿ ಅಂತ ಬೇರೆ ಬೇರೆ ದರ ಹಾಕಿರುತ್ತಾರೆ. ಎಸ್‌ಡಿ ಅಂದರೆ ಸುಮಾರು 480 ಸಾಲಿನ (480ಪಿ) ಚಿತ್ರ, ಎಚ್‌ಡಿ 1080ಪಿವರೆಗಿನದು, ಯುಎಚ್‌ಡಿ ಅಂದರೆ 4ಕೆ (2160ಪಿ). ಎಷ್ಟೋ ಜನ ದುಬಾರಿಯದ್ದನ್ನೇ ಒತ್ತಿ, ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ ಸಿನಿಮಾ ಹಾಕಿ, ಚಿತ್ರ ಮಸುಕಾಗಿ ಕಂಡರೆ ಇಂಟರ್ನೆಟ್ಟಿಗೆ ಬೈಯುತ್ತಾರೆ. ಪಾಪ, ಅದರ ತಪ್ಪು ಏನೂ ಇಲ್ಲದಿರಬಹುದು. ಆ ಲೇಬಲ್ ಹೇಳುವುದು ಸರ್ವರಿನಲ್ಲಿ ಎಂಥ ಫೈಲ್ ಇದೆ ಎಂದಷ್ಟೇ. ಅದರಲ್ಲಿ ನಿಮಗೆ ಯಾವುದನ್ನು ಕಳಿಸಬೇಕು ಎಂದು ತೀರ್ಮಾನಿಸುವುದು ಕಾಪಿ ತಡೆಯುವ ವ್ಯವಸ್ಥೆ, ಅಂದರೆ ಡಿಆರ್‌ಎಂ. ಕದಿಯಲು ಸುಲಭವಾದ ಸಾಧನಕ್ಕೆ ಒಳ್ಳೆಯ ಪ್ರತಿ ಕೊಡಕೂಡದು ಎಂಬುದು ಸ್ಟುಡಿಯೋಗಳ ಷರತ್ತು. ಹಾಗಾಗಿ ಸೇವೆ ಆರಿಸುವ ಮೊದಲು ಯಾವ ಪರದೆಯಲ್ಲಿ ನೋಡುತ್ತೀರಿ, ಅಲ್ಲಿಗೆ ಸಿಗ್ನಲ್ ಯಾವ ದಾರಿಯಲ್ಲಿ ಬರುತ್ತದೆ ಎಂದು ನೋಡಿಕೊಳ್ಳಬೇಕು. ಸೇವೆಗಳ ನಡುವಿನ ವ್ಯತ್ಯಾಸ ಆಮೇಲಿನದು.

ಬೀಗ ಯಾರದು, ಎಷ್ಟು ಗಟ್ಟಿ

ಸೇವೆಗಳು ಎಷ್ಟೇ ಇರಲಿ, ಅವು ಬಳಸುವ ಡಿಆರ್‌ಎಂ ಮುಖ್ಯವಾಗಿ ಮೂರೇ: ಗೂಗಲ್‌ನ ವೈಡ್‌ವೈನ್, ಮೈಕ್ರೋಸಾಫ್ಟ್‌ನ ಪ್ಲೇರೆಡಿ, ಆಪಲ್‌ನ ಫೇರ್‌ಪ್ಲೇ. ಸಿನಿಮಾ ಎನ್‌ಕ್ರಿಪ್ಟ್ ಆಗಿಯೇ, ಅಂದರೆ ಬೀಗ ಹಾಕಿಕೊಂಡೇ, ನಿಮ್ಮ ಸಾಧನಕ್ಕೆ ಬರುತ್ತದೆ. ಅದನ್ನು ಬಿಚ್ಚುವ ಕೀಲಿಯನ್ನು ಲೈಸೆನ್ಸ್ ಸರ್ವರ್ ಬೇರೆಯಾಗಿ ಕೊಡುತ್ತದೆ. ಎಸ್‌ಡಿ, ಎಚ್‌ಡಿ, ಯುಎಚ್‌ಡಿಗೆ ಸಾಮಾನ್ಯವಾಗಿ ಬೇರೆ ಬೇರೆ ಕೀಲಿ ಇರುತ್ತವೆ. ನಿಮ್ಮ ಸಾಧನದ ಭದ್ರತಾ ಮಟ್ಟ ನೋಡಿ, ಅದಕ್ಕೆ ತಕ್ಕ ಕೀಲಿಯನ್ನು ಮಾತ್ರ ಸರ್ವರ್ ಕೊಡುತ್ತದೆ. ಕೆಳಗಿನ ಮಟ್ಟದ ಸಾಧನಕ್ಕೆ ‘ಇಲ್ಲ’ ಎಂಬ ಸಂದೇಶವೇನೂ ಬರುವುದಿಲ್ಲ. ಸದ್ದಿಲ್ಲದೆ ಎಸ್‌ಡಿ ಓಡತೊಡಗುತ್ತದೆ. ಗೊಂದಲವೆಲ್ಲ ಹುಟ್ಟುವುದು ಇಲ್ಲೇ.

ವೈಡ್‌ವೈನ್‌ನಲ್ಲಿ ಮೂರು ಮಟ್ಟ. ಎಲ್1 ಇರುವ ಸಾಧನದಲ್ಲಿ ಬೀಗ ತೆಗೆಯುವುದೂ ವಿಡಿಯೊ ಡಿಕೋಡ್ ಮಾಡುವುದೂ ಪ್ರೊಸೆಸರಿನೊಳಗೆ ಪ್ರತ್ಯೇಕಿಸಿಟ್ಟ ಸುರಕ್ಷಿತ ಭಾಗದಲ್ಲೇ ನಡೆಯುತ್ತದೆ; ಆಂಡ್ರಾಯ್ಡ್ ವ್ಯವಸ್ಥೆಗೇ ಆ ಚಿತ್ರ ಕೈಗೆ ಸಿಗುವುದಿಲ್ಲ. ಎಲ್3ರಲ್ಲಿ ಎಲ್ಲವೂ ಮಾಮೂಲಿ ಸಾಫ್ಟ್‌ವೇರಿನಲ್ಲೇ ನಡೆಯುತ್ತದೆ, ಒಡೆಯುವುದೂ ಸುಲಭ. ನಡುವಿನ ಎಲ್2 ಬಳಕೆಯಲ್ಲಿ ಅಪರೂಪ, ಅದನ್ನು ಮರೆತುಬಿಡಿ. ಹೆಸರಾಂತ ಕಂಪನಿಗಳ ಫೋನು, ಆಂಡ್ರಾಯ್ಡ್ ಟಿವಿ, ಸ್ಟ್ರೀಮಿಂಗ್ ಸ್ಟಿಕ್‌ಗಳು (ಟಿವಿಗೆ ಚುಚ್ಚುವ ಸಣ್ಣ ಸಾಧನಗಳು) ಹೆಚ್ಚಾಗಿ ಎಲ್1. ಕಂಪ್ಯೂಟರಿನಲ್ಲಿ ಓಡುವ ಕ್ರೋಮ್, ಫೈರ್‌ಫಾಕ್ಸ್ ಸಾಮಾನ್ಯವಾಗಿ ಎಲ್3. ಲಿನಕ್ಸ್ ಕಂಪ್ಯೂಟರಿಗೆ ಎಲ್3 ಬಿಟ್ಟು ಬೇರೆ ದಾರಿ ಇಲ್ಲ.

ಹೆಸರಿಲ್ಲದ ಅಗ್ಗದ ಆಂಡ್ರಾಯ್ಡ್ ಬಾಕ್ಸ್‌ಗಳ ಬಗ್ಗೆ ಒಂದು ಮಾತು. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ‘4ಕೆ’ ಎಂದಿರುತ್ತದೆ, ಸುಳ್ಳೂ ಅಲ್ಲ; ಪೆನ್‌ಡ್ರೈವ್‌ನಲ್ಲಿರುವ 4ಕೆ ವಿಡಿಯೊವನ್ನು ಅದು ಚೆನ್ನಾಗಿಯೇ ಓಡಿಸುತ್ತದೆ. ಆದರೆ ಗೂಗಲ್‌ನ ಪ್ರಮಾಣಪತ್ರ ಇಲ್ಲದ ಕಾರಣ ವೈಡ್‌ವೈನ್ ಎಲ್3ರಲ್ಲೇ ನಿಂತಿರುತ್ತದೆ. ಬಾಡಿಗೆ ಸಿನಿಮಾ ಹಾಕಿದರೆ ದೊಡ್ಡ ಟಿವಿಯಲ್ಲಿ 480ಪಿ ಚಿತ್ರ ಹಿಗ್ಗಿ ಕಾಣುತ್ತದೆ. ಇದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಪರಿಹಾರ ಇಲ್ಲ. ಬೇರೆ ಆಪರೇಟಿಂಗ್ ಸಿಸ್ಟಂ ಹಾಕಲೆಂದು ಫೋನಿನ ಬೂಟ್‌ಲೋಡರ್ ಅನ್‌ಲಾಕ್ ಮಾಡಿದವರಿಗೂ ಇದೇ ಗತಿ ಆಗಬಹುದು: ಹಲವು ಮಾಡೆಲ್‌ಗಳಲ್ಲಿ ಅನ್‌ಲಾಕ್ ಆದ ಕೂಡಲೇ ಎಲ್1 ಹೋಗಿ ಎಲ್3 ಆಗುತ್ತದೆ.

ಪ್ಲೇರೆಡಿಯಲ್ಲೂ ಇದೇ ಲೆಕ್ಕ, ಹೆಸರು ಬೇರೆ. ಎಸ್‌ಎಲ್2000 ಅಂದರೆ ಸಾಫ್ಟ್‌ವೇರ್ ಮಟ್ಟ, ಎಸ್‌ಎಲ್3000 ಅಂದರೆ ಹಾರ್ಡ್‌ವೇರ್ ಮಟ್ಟ. 4ಕೆ ಬೇಕಾದರೆ ಎರಡನೆಯದು ಇರಲೇಬೇಕು. ವಿಂಡೋಸ್‌ನ ಎಡ್ಜ್ ಬ್ರೌಸರ್, ಎಕ್ಸ್‌ಬಾಕ್ಸ್, ಬಹಳಷ್ಟು ಸ್ಮಾರ್ಟ್ ಟಿವಿಗಳು ಇದನ್ನು ಬಳಸುತ್ತವೆ. ಒಂದೇ ಲ್ಯಾಪ್‌ಟಾಪಿನಲ್ಲಿ, ಒಂದೇ ಸಿನಿಮಾ, ಕ್ರೋಮ್‌ಗಿಂತ ಎಡ್ಜ್‌ನಲ್ಲಿ ಸ್ಪಷ್ಟವಾಗಿ ಕಂಡರೆ ಕಾರಣ ಇದು. ಫೇರ್‌ಪ್ಲೇ ಆಪಲ್‌ನ ಸಾಧನಗಳಿಗೇ ಸೀಮಿತ. ಮ್ಯಾಕ್‌ನಲ್ಲಿ ಅದರ ಲಾಭ ಸಿಗುವುದು ಸಫಾರಿಗೆ ಮತ್ತು ಆಪಲ್ ಟಿವಿ ಆ್ಯಪ್‌ಗೆ. ಅದೇ ಮ್ಯಾಕ್‌ನ ಕ್ರೋಮ್‌ಗೆ ಸಿಗದು.

ಬ್ರೌಸರ್‌ಗಳಲ್ಲಿ ಡಿಆರ್‌ಎಂಗೆ ಬಾಗಿಲು ತೆರೆದ ಇಎಂಇ ಮಾನಕವನ್ನು ವೆಬ್ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2017ರಲ್ಲಿ ಅಂಗೀಕರಿಸಿತು. ಅದನ್ನು ಪ್ರತಿಭಟಿಸಿ ಡಿಜಿಟಲ್ ಹಕ್ಕುಗಳ ಸಂಘಟನೆಯಾದ ಇಎಫ್‌ಎಫ್ ಆ ಸಂಸ್ಥೆಯಿಂದಲೇ ಹೊರನಡೆಯಿತು. ಮಾನಕ ಒಂದೇ ಆದರೂ ಬೀಗ ಮಾತ್ರ ಬ್ರೌಸರಿಗೊಂದು ಬಗೆ ಇರುವುದರಿಂದ, ‘ಎಲ್ಲ ಬ್ರೌಸರ್‌ನಲ್ಲೂ ನೋಡಬಹುದು’ ಎಂಬ ಜಾಹೀರಾತನ್ನು ‘ಎಲ್ಲ ಬ್ರೌಸರ್‌ನಲ್ಲೂ ಎಚ್‌ಡಿ’ ಎಂದು ಓದಿಕೊಳ್ಳಬೇಡಿ.

ಕೇಬಲ್ಲಿನ ದಾರಿ

ಸಾಧನ ಸರಿ ಇದ್ದರೂ ಅಲ್ಲಿಂದ ಪರದೆವರೆಗೆ ಇನ್ನೊಂದು ಕಾವಲು ಇದೆ. ಎಚ್‌ಡಿಎಂಐ ಕೇಬಲ್ಲಿನ ಮೇಲೆ ಹೋಗುವ ಚಿತ್ರವನ್ನೂ ಎನ್‌ಕ್ರಿಪ್ಟ್ ಮಾಡುವ ಎಚ್‌ಡಿಸಿಪಿ ಅದು, ಇಂಟೆಲ್ ರೂಪಿಸಿದ್ದು. 1080ಪಿಗೆ ಅದರ 1.4 ಆವೃತ್ತಿ ಸಾಕು, 4ಕೆಗೆ 2.2 ಬೇಕು. ಹಳೆಯ ಆವೃತ್ತಿಯ ಮಾಸ್ಟರ್ ಕೀಲಿ 2010ರಲ್ಲೇ ಬಯಲಾಗಿತ್ತು, ಹಾಗಾಗಿ 4ಕೆ ಬರುವಾಗ ಸ್ಟುಡಿಯೋಗಳು ಹೊಸ ಆವೃತ್ತಿಯನ್ನೇ ಪಟ್ಟುಹಿಡಿದವು.

ತೊಂದರೆ ಕೊಡುವುದು ನಡುವಿನ ಪೆಟ್ಟಿಗೆಗಳು. ಹೊಸ 4ಕೆ ಸ್ಟಿಕ್, ಹೊಸ 4ಕೆ ಟಿವಿ, ನಡುವೆ ಎಚ್‌ಡಿಸಿಪಿ 2.2 ಇಲ್ಲದ ಹಳೆಯ ಎವಿ ರಿಸೀವರ್ (ಸ್ಪೀಕರ್‌ಗಳನ್ನು ನಡೆಸುವ ಪೆಟ್ಟಿಗೆ): ಫಲಿತಾಂಶ 1080ಪಿ, ಇಲ್ಲವೇ ಕಪ್ಪು ಪರದೆಯ ಮೇಲೆ ದೋಷದ ಸಂದೇಶ. ರಿಸೀವರ್ ಬದಲಿಸಲು ಹೋಗಬೇಡಿ. ಸ್ಟಿಕ್ಕನ್ನು ನೇರ ಟಿವಿಗೆ ಚುಚ್ಚಿ, ಧ್ವನಿಯನ್ನು ಮಾತ್ರ ಟಿವಿಯ ಎಆರ್‌ಸಿ (ಧ್ವನಿಯನ್ನು ವಾಪಸ್ ಕಳಿಸುವ ಎಚ್‌ಡಿಎಂಐ) ಪೋರ್ಟಿನಿಂದ ರಿಸೀವರಿಗೆ ಕಳಿಸಿ. ಸ್ಟ್ರೀಮಿಂಗ್‌ನ ಡಾಲ್ಬಿ ಆಟ್ಮಾಸ್ (ಸುತ್ತಲಿನಿಂದ ಕೇಳುವ ಧ್ವನಿ) ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ ಕುಗ್ಗಿಸಿದ ರೂಪದಲ್ಲಿ ಬರುವುದರಿಂದ ಮಾಮೂಲಿ ಎಆರ್‌ಸಿಯಲ್ಲೂ ಹಾಯುತ್ತದೆ. ಅದರ ಹೊಸ ರೂಪವಾದ ಇಎಆರ್‌ಸಿ ಬೇಕಾಗುವುದು ಡಿಸ್ಕಿನಲ್ಲಿ ಬರುವ, ಹೆಚ್ಚು ಡೇಟಾದ ಟ್ರೂಎಚ್‌ಡಿ ಧ್ವನಿಗೆ.

ಟಿವಿಯ ಪೋರ್ಟುಗಳೂ ಎಲ್ಲ ಒಂದೇ ಅಲ್ಲ. ಮೊದಮೊದಲ 4ಕೆ ಟಿವಿಗಳಲ್ಲಿ ಕೆಲವಕ್ಕೆ ಒಂದೇ ಪೋರ್ಟಿನಲ್ಲಿ ಎಚ್‌ಡಿಸಿಪಿ 2.2 ಇರುತ್ತಿತ್ತು, ಪೋರ್ಟಿನ ಪಕ್ಕದಲ್ಲೇ ಬರೆದಿರುತ್ತದೆ, ಟಾರ್ಚ್ ಹಾಕಿ ನೋಡಿ. ಎಚ್‌ಡಿಆರ್ (ಹೆಚ್ಚು ಹೊಳಪು, ಹೆಚ್ಚು ಬಣ್ಣದ ಚಿತ್ರ) ಬರದಿದ್ದರೆ ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಆ ಪೋರ್ಟಿನ ‘ಎನ್‌ಹ್ಯಾನ್ಸ್ಡ್’ ಅಥವಾ ಅಂಥದೇ ಹೆಸರಿನ ಆಯ್ಕೆ ಆನ್ ಮಾಡಬೇಕು. ಎಷ್ಟೋ ಟಿವಿಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ.

ಲ್ಯಾಪ್‌ಟಾಪ್‌ನಿಂದ ಹೊರಗಿನ ಪರದೆಗೆ ಹಾಕುವವರು ಮೂರು ಕಡೆ ಎಡವುತ್ತಾರೆ. ವಿಜಿಎ ಅಡಾಪ್ಟರಿನಲ್ಲಿ ಎಚ್‌ಡಿಸಿಪಿ ಎಂಬುದೇ ಇಲ್ಲ, ಅದರಲ್ಲಿ ಎಚ್‌ಡಿ ನಿರೀಕ್ಷಿಸಬೇಡಿ. ಡಿಸ್‌ಪ್ಲೇಲಿಂಕ್ ಚಿಪ್ ಇರುವ ಯುಎಸ್‌ಬಿ ಡಾಕ್‌ಗಳು (ಲ್ಯಾಪ್‌ಟಾಪಿಗೆ ಹೆಚ್ಚಿನ ಪೋರ್ಟು ಕೊಡುವ ಪೆಟ್ಟಿಗೆಗಳು) ಮ್ಯಾಕ್‌ನಲ್ಲಿ ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಪಡೆದು ಕೆಲಸ ಮಾಡುತ್ತವೆ, ಡಿಆರ್‌ಎಂ ಕಣ್ಣಿಗೆ ಅದು ರೆಕಾರ್ಡಿಂಗೇ. ಚಿತ್ರ ಕಪ್ಪು, ಧ್ವನಿ ಮಾತ್ರ. ಮೂರನೆಯದು ಯಾರಿಗೂ ಹೊಳೆಯದ್ದು: ಪಕ್ಕದಲ್ಲಿ ಎಚ್‌ಡಿಸಿಪಿ ಇಲ್ಲದ ಹಳೆಯ ಎರಡನೇ ಮಾನಿಟರ್ ಜೋಡಿಸಿದ್ದರೆ ಮುಖ್ಯ ಪರದೆಯ ಕ್ವಾಲಿಟಿಯೂ ಇಳಿಯಬಹುದು. ಅದನ್ನು ಬಿಚ್ಚಿ, ಸಿನಿಮಾ ಮತ್ತೆ ಹಾಕಿ ನೋಡಿ.

ಫೋನಿನಿಂದ ಟಿವಿಗೆ ಕಳಿಸುವಾಗ ಕಾಸ್ಟ್ ಮಾಡುವುದಕ್ಕೂ ಮಿರರ್ ಮಾಡುವುದಕ್ಕೂ ವ್ಯತ್ಯಾಸ ಇದೆ. ಕಾಸ್ಟ್ ಒತ್ತಿದರೆ ಸಿನಿಮಾವನ್ನು ಟಿವಿಯೇ ನೇರ ಸರ್ವರಿನಿಂದ ತರಿಸಿಕೊಳ್ಳುತ್ತದೆ, ಫೋನ್ ಬರೀ ರಿಮೋಟ್. ಲೆಕ್ಕಕ್ಕೆ ಬರುವುದು ಟಿವಿಯ ಡಿಆರ್‌ಎಂ ಮಟ್ಟ. ಮಿರರ್‌ನಲ್ಲಿ ಫೋನಿನ ಪರದೆಯ ನಕಲು ಹೋಗುತ್ತದೆ, ಹೆಚ್ಚಿನ ಬಾಡಿಗೆ ಸಿನಿಮಾಗಳು ಅಲ್ಲಿ ಕಪ್ಪಾಗುತ್ತವೆ.

ರೆಸಲ್ಯೂಷನ್ ಅಲ್ಲ, ಬಿಟ್‌ರೇಟ್ ನೋಡಿ

ಎರಡು ಸೇವೆಗಳೂ ‘4ಕೆ’ ಎನ್ನುತ್ತವೆ, ಒಂದರಲ್ಲಿ ರಾತ್ರಿಯ ದೃಶ್ಯದ ಆಕಾಶ ನುಣುಪಾಗಿದೆ, ಇನ್ನೊಂದರಲ್ಲಿ ಬೂದು ಪಟ್ಟೆ ಪಟ್ಟೆ. ವ್ಯತ್ಯಾಸ ಇರುವುದು ಸೆಕೆಂಡಿಗೆ ಎಷ್ಟು ಡೇಟಾ ಕಳಿಸುತ್ತಾರೆ ಎಂಬುದರಲ್ಲಿ. ಹೊಗೆ, ಮಳೆ, ಮಂಜು, ಮಂದ ಬೆಳಕು, ಫಿಲ್ಮ್ ಗ್ರೇನ್ — ಕಡಿಮೆ ಬಿಟ್‌ರೇಟ್ ಮೊದಲು ಕೈಕೊಡುವುದು ಇಲ್ಲಿ. ಹಗಲು ಬೆಳಕಿನಲ್ಲಿ ಇಬ್ಬರು ಕೂತು ಮಾತಾಡುವ ದೃಶ್ಯದಲ್ಲಿ ಯಾವ ಸೇವೆಯೂ ಚೆನ್ನಾಗಿಯೇ ಕಾಣುತ್ತದೆ.

ಅಳತೆ ಹೀಗಿದೆ. ಡಿವಿಡಿಯ ವಿಡಿಯೊಗೆ ಗರಿಷ್ಠ 9.8 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್), ಬ್ಲೂ-ರೇಗೆ 40. ಯುಎಚ್‌ಡಿ ಬ್ಲೂ-ರೇ ಡಿಸ್ಕಿನಿಂದ ಒಟ್ಟು 128ರವರೆಗೆ ಹರಿಯಬಲ್ಲದು. ಸ್ಟ್ರೀಮಿಂಗ್ ಸೇವೆಗಳು ಎಚ್‌ಡಿಗೆ 5ರ ಆಸುಪಾಸು, 4ಕೆಗೆ 15ರಿಂದ 25 ಎಂಬಿಪಿಎಸ್ ಸಂಪರ್ಕ ಇರಲಿ ಎನ್ನುತ್ತವೆ. ಚಿತ್ರದ ನಿಜವಾದ ಸರಾಸರಿ ಬಿಟ್‌ರೇಟ್ ಇದಕ್ಕಿಂತ ಕಡಿಮೆ ಇರುವುದೂ ಉಂಟು. ಎಚ್‌ಇವಿಸಿ, ಎವಿ1ನಂಥ ಹೊಸ ಕೋಡೆಕ್‌ಗಳು (ವಿಡಿಯೊ ಕುಗ್ಗಿಸುವ ವಿಧಾನಗಳು) ಹಳೆಯ ಎಚ್.264ಕ್ಕಿಂತ ಕಡಿಮೆ ಡೇಟಾದಲ್ಲಿ ಅಷ್ಟೇ ಚಿತ್ರ ಕೊಡುತ್ತವೆ, ಆದ್ದರಿಂದ ಸಂಖ್ಯೆಗೆ ಸಂಖ್ಯೆ ಹೋಲಿಸುವುದು ಪೂರ್ತಿ ನ್ಯಾಯವಲ್ಲ. ಆದರೂ ಒಳ್ಳೆಯ ಬ್ಲೂ-ರೇ 1080ಪಿ ಚಿತ್ರ ಬಡಕಲು 4ಕೆ ಸ್ಟ್ರೀಮಿಗಿಂತ ಚೆನ್ನಾಗಿ ಕಾಣುವುದು ಅಪರೂಪವೇನಲ್ಲ.

ಡೇಟಾ ಲೆಕ್ಕ ಬೇಕಾದವರಿಗೆ: ಎಂಬಿಪಿಎಸ್ ಅನ್ನು ಸೆಕೆಂಡುಗಳಿಂದ ಗುಣಿಸಿ 8ರಿಂದ ಭಾಗಿಸಿದರೆ ಎಂಬಿ. ಎರಡು ಗಂಟೆಯ ಸಿನಿಮಾ 5 ಎಂಬಿಪಿಎಸ್‌ನಲ್ಲಿ 4.5 ಜಿಬಿ, 15ರಲ್ಲಿ 13.5 ಜಿಬಿ, 25ರಲ್ಲಿ 22.5 ಜಿಬಿ. ದಿನದ ಡೇಟಾ ಮಿತಿ ಇರುವ ಪ್ಲಾನಿನಲ್ಲಿ ಯುಎಚ್‌ಡಿ ಬಾಡಿಗೆ ಹಾಕುವುದು ವ್ಯರ್ಥ ಖರ್ಚು. ಅರ್ಧದಲ್ಲೇ ವೇಗ ಇಳಿದು, ಸೇವೆ ತಾನಾಗಿ ಕೆಳಗಿನ ದರ್ಜೆಗೆ ಜಾರುತ್ತದೆ.

ಐವತ್ತು ಇಂಚಿನೊಳಗಿನ ಟಿವಿಯನ್ನು ಮೂರು ಮೀಟರ್ ದೂರದಿಂದ ನೋಡುವವರಿಗೆ 4ಕೆಯ ಹೆಚ್ಚುವರಿ ಪಿಕ್ಸೆಲ್‌ಗಳಿಂದ ಸಿಗುವ ಲಾಭ ಅಷ್ಟಕ್ಕಷ್ಟೇ. ಅಲ್ಲಿ ಎದ್ದು ಕಾಣುವುದು ಎಚ್‌ಡಿಆರ್: 10 ಬಿಟ್ ಬಣ್ಣ, ಹೆಚ್ಚು ಹೊಳಪು, ನೆರಳಿನೊಳಗಿನ ವಿವರ. ಎಚ್‌ಡಿಆರ್ ಹೆಚ್ಚಾಗಿ ಯುಎಚ್‌ಡಿ ದರ್ಜೆಯ ಜೊತೆಯಲ್ಲೇ ಬರುವುದರಿಂದ, ಹೆಚ್ಚು ದುಡ್ಡು ಕೊಡುವುದಾದರೆ ಅದಕ್ಕಾಗಿ ಕೊಡಿ. ಸ್ಯಾಮ್‌ಸಂಗ್ ಟಿವಿಗಳು ಡಾಲ್ಬಿ ವಿಷನ್ ಎಂಬ ಬಗೆಯ ಎಚ್‌ಡಿಆರ್ ಓದುವುದಿಲ್ಲ. ಅಲ್ಲಿ ಅದೇ ಸಿನಿಮಾ ಎಚ್‌ಡಿಆರ್10 ಅಥವಾ ಎಚ್‌ಡಿಆರ್10+ ಆಗಿ ಬರುತ್ತದೆ. ಇದೊಂದು ಕಾರಣಕ್ಕೆ ಸೇವೆ ಬದಲಿಸಬೇಕಾಗಿಲ್ಲ.

ಸೇವೆಗಳು ಒಂದೊಂದಾಗಿ

ಆಪಲ್ ಟಿವಿ ಆ್ಯಪ್‌ನ ಅಂಗಡಿ (ಹಳೆಯ ಐಟ್ಯೂನ್ಸ್) 2008ರಿಂದ ಸಿನಿಮಾ ಬಾಡಿಗೆಗೆ ಕೊಡುತ್ತಿದೆ, 4ಕೆ ಬಂದದ್ದು 2017ರಲ್ಲಿ. ದೊಡ್ಡ ಸೇವೆಗಳ ಪೈಕಿ ಇದರ ಚಿತ್ರ ಮೇಲ್ಮಟ್ಟದ್ದು ಎಂಬುದು ನಮ್ಮ ಅಭಿಪ್ರಾಯ. ಕತ್ತಲ ದೃಶ್ಯಗಳಲ್ಲಿ ಬಿಟ್‌ರೇಟ್ ಜಿಪುಣತನ ಕಡಿಮೆ. 4ಕೆಗೆ ಎಚ್‌ಡಿಗಿಂತ ಹೆಚ್ಚಿನ ದರ ಹಾಕದಿರುವುದೂ ಒಳ್ಳೆಯದು. ಕೊರತೆ ಎರಡು. ಪೂರ್ತಿ ಗುಣ ಕಾಣಬೇಕಾದರೆ ಆಪಲ್‌ನ ಪೆಟ್ಟಿಗೆ ಅಥವಾ ಅದರ ಆ್ಯಪ್ ಇರುವ ಟಿವಿ ಬೇಕು. ಮ್ಯಾಕ್‌ನಲ್ಲಾದರೆ 4ಕೆಗೆ 2018 ಅಥವಾ ನಂತರದ ಮಾಡೆಲ್ ಇರಬೇಕು. ಇನ್ನು, 4ಕೆ ಪ್ರತಿಯನ್ನು ಸ್ಟ್ರೀಮ್ ಮಾಡಬಹುದೇ ಹೊರತು ಡೌನ್‌ಲೋಡ್ ಮಾಡಲಾಗದು. ಡೌನ್‌ಲೋಡ್ ಎಚ್‌ಡಿವರೆಗೆ ಮಾತ್ರ. ಸಂಪರ್ಕ ನಿಧಾನ ಇರುವವರು ‘ರಾತ್ರಿ ಇಳಿಸಿಟ್ಟು ನಾಳೆ 4ಕೆ ನೋಡೋಣ’ ಎಂದರೆ ಇಲ್ಲಿ ನಡೆಯುವುದಿಲ್ಲ.

ಆಪಲ್ ಟಿವಿ 4ಕೆ ಪೆಟ್ಟಿಗೆ ಇದ್ದವರು ‘ವಿಡಿಯೊ ಆ್ಯಂಡ್ ಆಡಿಯೊ’ ಸೆಟ್ಟಿಂಗ್ಸ್‌ಗೆ ಹೋಗಿ, ‘ಮ್ಯಾಚ್ ಕಂಟೆಂಟ್’ ಒಳಗಿನ ಎರಡೂ ಆಯ್ಕೆ ಆನ್ ಮಾಡಿ. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಪೆಟ್ಟಿಗೆ 60ಕ್ಕೆ ಕೂತಿದ್ದರೆ ಒಂದು ಫ್ರೇಮ್ ಎರಡು ಸಲ, ಮುಂದಿನದು ಮೂರು ಸಲ ತೋರಿಸಬೇಕಾಗುತ್ತದೆ. ಕ್ಯಾಮೆರಾ ನಿಧಾನ ತಿರುಗುವಾಗ ಚಿತ್ರ ತಡವರಿಸಿದಂತೆ ಕಾಣುವುದು ಅದಕ್ಕೇ. ಅಮೆಜಾನ್‌ನ ಫೈರ್ ಟಿವಿಯ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲೂ ಮೂಲ ಫ್ರೇಮ್ ರೇಟ್‌ಗೆ ಹೊಂದಿಸುವ ಆಯ್ಕೆ ಇದೆ.

ಯೂಟ್ಯೂಬ್: ಗೂಗಲ್ ಪ್ಲೇ ಮೂವೀಸ್‌ನ ವ್ಯವಹಾರ ಈಗ ಇಲ್ಲಿ ಮತ್ತು ಗೂಗಲ್ ಟಿವಿಯಲ್ಲಿ. ಎಲ್ಲ ಕಡೆ ತೆರೆಯುತ್ತದೆ, ಅದೇ ಇದರ ಬಲ. ಎಡವಟ್ಟಾಗುವುದು ಕಂಪ್ಯೂಟರಿನಲ್ಲಿ. ಎಚ್‌ಡಿಗೆ ದುಡ್ಡು ಕೊಟ್ಟು ಕ್ರೋಮ್‌ನಲ್ಲಿ 480ಪಿ ಸಿಕ್ಕಿತೆಂಬ ದೂರು ವರ್ಷಗಳಿಂದ ಇದೆ, ಮತ್ತು ಅದು ನೆಟ್‌ವರ್ಕ್ ತೊಂದರೆಯಲ್ಲ, ಡಿಆರ್‌ಎಂ ಮಿತಿ. ಅದೇ ಕ್ರೋಮ್‌ನಲ್ಲಿ ಯಾರೋ ಹಾಕಿದ ಅಡುಗೆ ವಿಡಿಯೊ 4ಕೆಯಲ್ಲಿ ಓಡುತ್ತದೆ, ಯಾಕೆಂದರೆ ಅದಕ್ಕೆ ಬೀಗವಿಲ್ಲ. ಕಂಪ್ಯೂಟರಿನಲ್ಲೇ ನೋಡುವುದಾದರೆ ಎಡ್ಜ್ ಅಥವಾ ಸಫಾರಿ ಬಳಸಿ, ಬಾಡಿಗೆ ಒತ್ತುವ ಮೊದಲು ಸಹಾಯ ಪುಟದಲ್ಲಿ ಬ್ರೌಸರಿನ ಈಗಿನ ಮಿತಿ ನೋಡಿ. ಟಿವಿಯ ಆ್ಯಪ್‌ನಲ್ಲಿ ಈ ರಗಳೆ ಇಲ್ಲ.

ಪ್ರೈಮ್ ವಿಡಿಯೊದಲ್ಲಿ ಚಂದಾದಾರರಿಗೆ ಉಚಿತವಾದವು, ಬಾಡಿಗೆಯವು, ಬೇರೆ ಚಾನೆಲ್ಲಿನವು ಒಂದೇ ಪರದೆಯಲ್ಲಿ ಕಲೆಸಿಕೊಂಡಿರುತ್ತವೆ. ಬಾಡಿಗೆಗೆ ಪ್ರೈಮ್ ಸದಸ್ಯತ್ವ ಬೇಡ, ಖಾತೆ ಇದ್ದರೆ ಸಾಕು. ಎಸ್‌ಡಿ, ಎಚ್‌ಡಿ, ಯುಎಚ್‌ಡಿಯ ದರಗಳನ್ನು ‘ಇನ್ನಷ್ಟು ಆಯ್ಕೆ’ಗಳ ಒಳಗೆ ಅಡಗಿಸಿರುವುದುಂಟು, ಮೊದಲು ಕಾಣುವ ಬಟನ್ನೇ ಅಂತಿಮ ಎಂದುಕೊಳ್ಳಬೇಡಿ. ಕಂಪ್ಯೂಟರಿನಲ್ಲಿ ಎಚ್‌ಡಿಗೆ ಎಚ್‌ಡಿಸಿಪಿ ಕಡ್ಡಾಯ. ಲಿನಕ್ಸ್‌ನವರಿಗೆ ಎಸ್‌ಡಿ ಸಿಕ್ಕರೆ ಅಚ್ಚರಿ ಬೇಡ. ಫೈರ್ ಸ್ಟಿಕ್ ಮತ್ತು ಟಿವಿಗಳಲ್ಲಿ ಚಿತ್ರ ಚೆನ್ನಾಗಿದೆ, ಆದರೆ ಯುಎಚ್‌ಡಿ ಬಾಡಿಗೆಯ ಪಟ್ಟಿ ಆಪಲ್‌ನಷ್ಟು ತುಂಬಿಕೊಂಡಿಲ್ಲ ಅನ್ನಿಸುತ್ತದೆ.

ಅಮೆರಿಕದಲ್ಲಿರುವವರಿಗೆ ಫ್ಯಾಂಡ್ಯಾಂಗೊ ಅಟ್ ಹೋಮ್ (2024ರವರೆಗೆ ಇದರ ಹೆಸರು ವುಡು), ಯುರೋಪಿನವರಿಗೆ ರಾಕುಟೆನ್ ಟಿವಿ ಇವೆ. ಎರಡರಲ್ಲೂ 4ಕೆ ಸಿಗುವುದು ಟಿವಿ ಮತ್ತು ಪೆಟ್ಟಿಗೆಗಳಲ್ಲಿ, ಅದೂ ಅವರ ಪಟ್ಟಿಯಲ್ಲಿರುವ ಮಾಡೆಲ್‌ಗಳಲ್ಲಿ.

ತುದಿಯಲ್ಲಿ ನಿಂತಿರುವುದು ಕಲೈಡೆಸ್ಕೇಪ್. ಅದರದೇ ದುಬಾರಿ ಪ್ಲೇಯರ್ ಬೇಕು. ಸಿನಿಮಾವನ್ನು ಡಿಸ್ಕಿನ ದರ್ಜೆಯ ಬಿಟ್‌ರೇಟಿನಲ್ಲಿ, ಲಾಸ್‌ಲೆಸ್ (ಏನೂ ನಷ್ಟವಾಗದ) ಧ್ವನಿಯ ಸಮೇತ ಇಳಿಸಿಕೊಂಡು ತೋರಿಸುತ್ತದೆ, ಬಾಡಿಗೆಗೂ ಕೊಡುತ್ತದೆ. ಮನೆಯಲ್ಲಿ ಪ್ರೊಜೆಕ್ಟರ್ ಕೋಣೆ ಕಟ್ಟಿಸಿದವರಿಗೆ ಮಾತ್ರ ಅರ್ಥವಾಗುವ ಖರ್ಚು.

ಮೈಕ್ರೋಸಾಫ್ಟ್ 2025ರ ಜುಲೈನಲ್ಲಿ ಸಿನಿಮಾ ಮಾರಾಟ ಮತ್ತು ಬಾಡಿಗೆ ನಿಲ್ಲಿಸಿತು. ಪ್ಲೇಸ್ಟೇಷನ್ ಸ್ಟೋರ್ 2021ರ ಆಗಸ್ಟ್ ಕೊನೆಗೇ ನಿಲ್ಲಿಸಿತ್ತು. ಹಳೆಯ ಹೋಲಿಕೆ ಲೇಖನಗಳಲ್ಲಿ ಈ ಹೆಸರುಗಳು ಇನ್ನೂ ಇರುತ್ತವೆ. ಬಾಡಿಗೆಯ ಬದಲು ‘ಕೊಂಡುಕೊಳ್ಳೋಣ’ ಎನ್ನುವವರೂ ಇದನ್ನು ಗಮನಿಸಿ: ಕೊಂಡ ಪ್ರತಿಗೂ ಅದೇ ಡಿಆರ್‌ಎಂ, ಅದೇ 480ಪಿ ಮಿತಿ. ಕೊಂಡಿದ್ದು ಸಿನಿಮಾ ಅಲ್ಲ, ಲೈಸೆನ್ಸ್ ಎಂಬುದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ಹೇಳಬೇಕೆಂಬ ಕಾನೂನನ್ನು ಕ್ಯಾಲಿಫೋರ್ನಿಯಾ 2024ರಲ್ಲಿ ತಂದಿತು.

ಗಡಿಯಾರ

ಬಾಡಿಗೆಯ ಸಾಮಾನ್ಯ ನಿಯಮ: ದುಡ್ಡು ಕೊಟ್ಟ ಮೇಲೆ ನೋಡಲು ಶುರುಮಾಡಲು 30 ದಿನ, ಶುರುಮಾಡಿದ ಮೇಲೆ 48 ಗಂಟೆ. ಆಪಲ್, ಯೂಟ್ಯೂಬ್, ಪ್ರೈಮ್ ಮೂರರಲ್ಲೂ ಹೆಚ್ಚಾಗಿ ಇದೇ ಇದೆ, ಆದರೆ ದೇಶ ಮತ್ತು ಸಿನಿಮಾ ನೋಡಿಕೊಂಡು ಬದಲಾಗುತ್ತದೆ. ಖಚಿತ ಅವಧಿ ಬಾಡಿಗೆ ಬಟನ್ ಕೆಳಗಿನ ಸಣ್ಣ ಅಕ್ಷರದಲ್ಲಿ ಇರುತ್ತದೆ. ಈ 48 ಗಂಟೆಯ ಐಡಿಯಾ ಸ್ಟ್ರೀಮಿಂಗ್‌ಗಿಂತ ಹಳೆಯದು. ಅಮೆರಿಕದ ಎಲೆಕ್ಟ್ರಾನಿಕ್ಸ್ ಅಂಗಡಿ ಸರಣಿ ಸರ್ಕಿಟ್ ಸಿಟಿ ಬೆನ್ನಿಗೆ ನಿಂತು 1998ರಲ್ಲಿ ತಂದ ಡಿವ್‌ಎಕ್ಸ್ ಎಂಬ ಡಿಸ್ಕ್ ಮೊದಲ ಸಲ ಹಾಕಿದ 48 ಗಂಟೆಯ ಮೇಲೆ ನಿಂತುಹೋಗುತ್ತಿತ್ತು. ಜನ ಒಪ್ಪಲಿಲ್ಲ, ಮರುವರ್ಷವೇ ಡಿವ್‌ಎಕ್ಸ್ ನಿಂತುಹೋಯಿತು. ಅದೇ ಷರತ್ತಿಗೆ ಈಗ ನಾವೆಲ್ಲ ಒಗ್ಗಿಹೋಗಿದ್ದೇವೆ.

ಕ್ವಾಲಿಟಿ ನೋಡೋಣ ಎಂದು ಅರ್ಧ ನಿಮಿಷ ಪ್ಲೇ ಒತ್ತಿದರೂ ಗಡಿಯಾರ ಶುರು. ಶುಕ್ರವಾರ ರಾತ್ರಿ ಪರೀಕ್ಷೆ ಮಾಡಿ ಭಾನುವಾರ ರಾತ್ರಿ ಎಲ್ಲರೂ ಕೂತಾಗ ಅವಧಿ ಮುಗಿದಿರಬಹುದು. ನಡುವೆ ಅವಧಿ ಮುಗಿದರೆ ಪೂರ್ತಿ ನೋಡಲು ಬಿಡುತ್ತಾರೋ ಇಲ್ಲವೋ ಎಂಬುದು ಸೇವೆಗೊಂದು ಥರ. ನಿಲ್ಲಿಸುತ್ತಾರೆ ಎಂದೇ ತಿಳಿದು ನಡೆಯಿರಿ.

ಡೌನ್‌ಲೋಡ್ ಮಾಡಿಕೊಂಡರೆ ಫೈಲ್ ನಿಮ್ಮದಾಗುವುದಿಲ್ಲ. ಅದು ಆ ಆ್ಯಪ್‌ನ ಒಳಗೇ, ಆ ಸಾಧನದ ಕೀಲಿಗೆ ಕಟ್ಟುಬಿದ್ದು ಕೂತಿರುತ್ತದೆ. ಮೆಮೊರಿ ಕಾರ್ಡಿಗೆ ನಕಲು ಮಾಡಿ ಬೇರೆ ಫೋನಿಗೆ ಹಾಕಿದರೆ ತೆರೆಯದು. ಸಾಮಾನ್ಯವಾಗಿ ಒಂದು ಬಾಡಿಗೆ ಒಂದು ಸಲಕ್ಕೆ ಒಂದೇ ಸಾಧನದಲ್ಲಿ ಓಡುತ್ತದೆ. ವಿಮಾನಕ್ಕೆಂದು ಇಳಿಸಿಕೊಳ್ಳುವವರು ಇನ್ನೊಂದನ್ನು ನೆನಪಿಡಬೇಕು: ಕೆಲವು ಆ್ಯಪ್‌ಗಳು ಮೊದಲ ಸಲ ಪ್ಲೇ ಒತ್ತುವಾಗ ಲೈಸೆನ್ಸ್‌ಗಾಗಿ ಇಂಟರ್ನೆಟ್ ಕೇಳುತ್ತವೆ. ಹೊರಡುವ ಮುನ್ನ, ನೆಟ್ ಇರುವಾಗಲೇ ಒಮ್ಮೆ ಪ್ಲೇ ಒತ್ತಿ, ಏರೋಪ್ಲೇನ್ ಮೋಡ್ ಹಾಕಿ ಮತ್ತೆ ಓಡುತ್ತದಾ ನೋಡಿ. 48 ಗಂಟೆ ಶುರುವಾಗುತ್ತದೆ ನಿಜ, ಆದರೆ ಆಕಾಶದಲ್ಲಿ ದೋಷದ ಸಂದೇಶ ನೋಡುತ್ತ ಕೂರುವುದಕ್ಕಿಂತ ಅದು ವಾಸಿ. ಫೋನಿನ ದಿನಾಂಕ, ಸಮಯ ಕೈಯಾರೆ ಬದಲಿಸಿದರೆ ಲೈಸೆನ್ಸ್ ರದ್ದಾಗುವುದೂ ಉಂಟು. ಸಮಯವನ್ನು ಆಟೊಮ್ಯಾಟಿಕ್‌ನಲ್ಲೇ ಬಿಡಿ.

ಬಾಡಿಗೆ ಪ್ರತಿಯನ್ನು ಉಳಿಸಿಕೊಳ್ಳಲು ಅನುಮತಿ ಕೊಡುವ ದೊಡ್ಡ ಸೇವೆ ಯಾವುದೂ ಇಲ್ಲ. ಬೀಗ ಒಡೆಯುವ ಸಾಧನ ಬಳಸುವುದು ಬಹಳಷ್ಟು ದೇಶಗಳಲ್ಲಿ ಕಾನೂನುಬಾಹಿರ. ಹಾಡುಗಳ ಡಿಆರ್‌ಎಂ ಅನ್ನು ಆಪಲ್ 2009ರಲ್ಲೇ ತೆಗೆದುಹಾಕಿತು, ಸಿನಿಮಾಗೆ ಆ ಭಾಗ್ಯ ಬರಲೇ ಇಲ್ಲ.

ಏನು ಬರುತ್ತಿದೆ ಎಂದು ಕಂಡುಕೊಳ್ಳುವುದು

ಟ್ರೇಲರ್ ನೋಡಿ ತೀರ್ಮಾನಿಸಬೇಡಿ. ಎಷ್ಟೋ ಟ್ರೇಲರ್‌ಗಳಿಗೆ ಡಿಆರ್‌ಎಂ ಇರುವುದೇ ಇಲ್ಲ, ಅವು ಎಲ್ಲ ಕಡೆ ಚೆನ್ನಾಗಿ ಓಡುತ್ತವೆ.

ಆಂಡ್ರಾಯ್ಡ್ ಫೋನು, ಟಿವಿಗಳಲ್ಲಿ ‘ಡಿಆರ್‌ಎಂ ಇನ್ಫೋ’ ಎಂಬ ಆ್ಯಪ್ ಹಾಕಿ, ವೈಡ್‌ವೈನ್ ಭಾಗದಲ್ಲಿ ‘ಸೆಕ್ಯುರಿಟಿ ಲೆವೆಲ್’ ಎದುರು ಎಲ್1 ಇದೆಯೋ ಎಲ್3 ಇದೆಯೋ ನೋಡಿ. ಎಚ್‌ಡಿಸಿಪಿ ಮಟ್ಟವೂ ಅಲ್ಲೇ ಕಾಣುತ್ತದೆ. ಯೂಟ್ಯೂಬ್ ಆದರೆ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಒತ್ತಿದರೆ ಓಡುತ್ತಿರುವ ರೆಸಲ್ಯೂಷನ್, ಕೋಡೆಕ್ ಎರಡೂ ಬರುತ್ತವೆ.

ಟಿವಿ ರಿಮೋಟಿನ ಇನ್ಫೋ ಬಟನ್ ಮಾತ್ರ ನಂಬಬೇಡಿ. ಪೆಟ್ಟಿಗೆಯನ್ನು ‘ಯಾವಾಗಲೂ 4ಕೆ’ ಎಂದು ಇಟ್ಟಿದ್ದರೆ ಅದು 480ಪಿ ಚಿತ್ರವನ್ನೂ ಹಿಗ್ಗಿಸಿ ಕಳಿಸುತ್ತದೆ, ಟಿವಿ ನಿಷ್ಠೆಯಿಂದ 2160ಪಿ ಎಂದು ತೋರಿಸುತ್ತದೆ. ಡಾಲ್ಬಿ ವಿಷನ್, ಎಚ್‌ಡಿಆರ್ ಗುರುತು ಸ್ವಲ್ಪ ಹೆಚ್ಚು ನಂಬಿಕಸ್ಥ, ಅದೂ ಪೆಟ್ಟಿಗೆಯನ್ನು ಎಚ್‌ಡಿಆರ್‌ಗೆ ಖಾಯಂ ಕೂರಿಸಿರದಿದ್ದರೆ.

ಯಾವ ಸೇವೆಗೂ ಒಗ್ಗುವ ಒರಟು ಪರೀಕ್ಷೆ ಡೇಟಾ ಮೀಟರ್. ಮೊದಲ ಐದು ನಿಮಿಷ ಬಿಡಿ, ಆಗ ಬಫರ್ (ಮುಂಗಡವಾಗಿ ಇಳಿಸಿಟ್ಟುಕೊಳ್ಳುವ ಭಾಗ) ತುಂಬುತ್ತಿರುತ್ತದೆ. ಮುಂದಿನ ಹತ್ತು ನಿಮಿಷದಲ್ಲಿ ರೌಟರ್ ಅಥವಾ ಫೋನಿನಲ್ಲಿ ಎಷ್ಟು ಡೇಟಾ ಹೋಯಿತು ನೋಡಿ. ಒಂದು ಜಿಬಿ ಸುಮಾರು ಆದರೆ 15 ಎಂಬಿಪಿಎಸ್ ಹತ್ತಿರ, ಅಂದರೆ ನಿಜವಾದ 4ಕೆ. ಮುನ್ನೂರು ನಾನ್ನೂರು ಎಂಬಿ ಆದರೆ ಎಚ್‌ಡಿ. ನೂರರ ಆಸುಪಾಸು ಇದ್ದರೆ, ಲೇಬಲ್ ಏನೇ ಹೇಳಲಿ, ನೀವು ನೋಡುತ್ತಿರುವುದು ಎಸ್‌ಡಿ. ಎವಿ1 ಬಳಸುವ ಕಡೆ ಸಂಖ್ಯೆಗಳು ಇನ್ನೂ ಕೆಳಗಿರುತ್ತವೆ, ಆದರೂ ಎಸ್‌ಡಿಗೂ 4ಕೆಗೂ ನಡುವೆ ಗೊಂದಲ ಆಗುವಷ್ಟಲ್ಲ.

ಯಾರಿಗೆ ಯಾವುದು

ದೊಡ್ಡ 4ಕೆ ಎಚ್‌ಡಿಆರ್ ಟಿವಿ, ವೇಗದ ಸಂಪರ್ಕ ಇದ್ದರೆ ಆಪಲ್‌ನ ಅಂಗಡಿ, ಟಿವಿಯ ಆ್ಯಪ್‌ನಲ್ಲೋ ಅದರ ಪೆಟ್ಟಿಗೆಯಲ್ಲೋ. ಆ ಆ್ಯಪ್ ಇಲ್ಲದ ಟಿವಿಗೆ ಪ್ರೈಮ್ ಅಥವಾ ಯೂಟ್ಯೂಬ್‌ನ ಟಿವಿ ಆ್ಯಪ್. ಎರಡರಲ್ಲಿ ಆ ಸಿನಿಮಾ ಯುಎಚ್‌ಡಿ ಎಂದು ಎಲ್ಲಿದೆಯೋ ಅಲ್ಲಿ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಎಡ್ಜ್, ಎಚ್‌ಡಿ ದರ್ಜೆ ಸಾಕು. ಕಂಪ್ಯೂಟರಿನಲ್ಲಿ 4ಕೆ ಬಾಡಿಗೆಗೆ ಬೇಕಾದ ಎಸ್‌ಎಲ್3000, ಎಚ್‌ಡಿಸಿಪಿ 2.2, ಎಚ್‌ಇವಿಸಿ ಎಲ್ಲ ಕೂಡಿಬರುವ ಹೊತ್ತಿಗೆ ಒಂದು ಸ್ಟ್ರೀಮಿಂಗ್ ಸ್ಟಿಕ್ ಕೊಂಡರೆ ಅಗ್ಗ. ಲಿನಕ್ಸ್‌ನಲ್ಲೇ ನೋಡುವವರು ಎಸ್‌ಡಿ ದರ ಕೊಡಿ, ಹೆಚ್ಚು ಕೊಟ್ಟರೂ ಚಿತ್ರ ಅದೇ. ಫೋನಿನ ಆರೂವರೆ ಇಂಚಿನ ಪರದೆಗೆ ಯುಎಚ್‌ಡಿ ದರ ಕೊಡಬಾರದು, ಎಲ್1 ಇದ್ದರೂ ಸಹ. ಪ್ರೊಜೆಕ್ಟರ್‌ನವರು ಎಚ್‌ಡಿಸಿಪಿ ಆವೃತ್ತಿಯನ್ನು ಮ್ಯಾನುಯಲ್‌ನಲ್ಲಿ ನೋಡಿಕೊಂಡೇ ಮುಂದುವರಿಯಿರಿ.

ಚಿತ್ರ ಸರಿ ಬರದಿದ್ದರೆ ಸಿನಿಮಾ ಪೂರ್ತಿ ನೋಡಿ ಆಮೇಲೆ ದುಡ್ಡು ವಾಪಸ್ ಕೇಳುವುದು ಕಷ್ಟ. ಮೊದಲ ಕೆಲವು ನಿಮಿಷದಲ್ಲೇ ನಿಲ್ಲಿಸಿ, ಖಾತೆಯ ಆರ್ಡರ್ ಪಟ್ಟಿಯಿಂದ ಅರ್ಜಿ ಹಾಕಿ. ಯಾವ ದರ್ಜೆಗೆ ದುಡ್ಡು ಕೊಟ್ಟಿರಿ, ಸಾಧನದ ಮಾಡೆಲ್, ಬ್ರೌಸರ್ ಅಥವಾ ಆ್ಯಪ್ ಆವೃತ್ತಿ, ಕಂಡ ರೆಸಲ್ಯೂಷನ್ ಬರೆಯಿರಿ. ಸಾಕ್ಷಿಗೆ ಸ್ಕ್ರೀನ್‌ಶಾಟ್ ತೆಗೆಯಲು ಹೋದರೆ ಡಿಆರ್‌ಎಂ ಕಾರಣದಿಂದ ಚಿತ್ರದ ಜಾಗ ಕಪ್ಪಾಗಿ ಬರಬಹುದು. ಇನ್ನೊಂದು ಫೋನಿನಿಂದ ಪರದೆಯ ಫೋಟೊ ತೆಗೆದು ಲಗತ್ತಿಸಿ.